ಅವಸರದ ಕಿವಿಗಳು

ಉಗ್ಗುವವರ ಹತಾಶೆಗೆ ನಮ್ಮ ಸಮಾಜ ಒಂದು ಸಿದ್ಧ ಔಷಧವನ್ನು ಇಟ್ಟುಕೊಂಡಿದೆ: ತಾಳ್ಮೆಯಿಂದಿರು, ಉಸಿರು ಹಿಡಿದು ಮಾತಾಡು, ನಿಧಾನವಾಗಿ ಹೇಳು, ಆತ್ಮವಿಶ್ವಾಸ ಬೆಳೆಸಿಕೊ. ಈ ನಾಲ್ಕು ಉಪದೇಶಗಳೂ ಹೊರಡುವುದು ಸರಾಗವಾಗಿ ಮಾತನಾಡಬಲ್ಲವರ ಬಾಯಿಂದ. ನಾಲ್ಕನ್ನೂ ಪಾಲಿಸಬೇಕಾದವನು ಉಗ್ಗುವವನು. ಹೇಳುವವರಿಗೆ ಇದರಲ್ಲಿ ಕಾಸಿನ ಖರ್ಚಿಲ್ಲ, ಕ್ಷಣದ ಕಷ್ಟವಿಲ್ಲ. ತಾವು ಒಂದು ಒಳ್ಳೆಯ ಮಾತು ಹೇಳಿದೆವೆಂಬ ತೃಪ್ತಿಯೂ ಅವರಿಗೇ ದಕ್ಕುತ್ತದೆ. ಈ ಲೇಖನದ ವಾದ ಇದಕ್ಕೆ ಎದುರಾದದ್ದು. ಉಗ್ಗು ನಾಲಗೆಗೂ ಮಿದುಳಿಗೂ ಸೇರಿದ ವಿಷಯವಿರಬಹುದು. ಅದರ ಬೆನ್ನಿಗೆ ಬರುವ ಹತಾಶೆಯ ಬಹುಪಾಲು ಕೇಳುವವರ ಕೊಡುಗೆ. ಆದ್ದರಿಂದ ಅದನ್ನು ನೀಗಿಸುವ ಹೊಣೆಯ ಬಹುಪಾಲೂ ಕೇಳುವವರದೇ. ಚೆನ್ನೈಯಲ್ಲಿ ನೆಲೆಸಿರುವ ನಾವು ಕನ್ನಡಿಗರು ಈ ಹೊಣೆಯಿಂದ ಎರಡು ಬಗೆಯಲ್ಲಿ ನುಣುಚಿಕೊಂಡಿದ್ದೇವೆ. ಮನೆಯಲ್ಲಿ ಉಗ್ಗುವ ಮಗುವಿನಿಂದ ಕನ್ನಡವನ್ನು ಕಿತ್ತುಕೊಳ್ಳುತ್ತೇವೆ. ಸಭೆಯಲ್ಲಿ ಕನ್ನಡದಿಂದ ಉಗ್ಗುವವರನ್ನು ಹೊರಗಿಡುತ್ತೇವೆ.

ಮೊದಲು ತಿಳಿದಿರುವ ಸಂಗತಿಗಳನ್ನು ಹೇಳಿಬಿಡುವುದು ಮೇಲು. ಈ ವಿಷಯದಲ್ಲಿ ಅಭಿಪ್ರಾಯವಿಲ್ಲದವರು ಇಲ್ಲ, ತಿಳಿವಳಿಕೆಯುಳ್ಳವರು ಮಾತ್ರ ವಿರಳ. ಉಗ್ಗು ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ತಲೆದೋರುತ್ತದೆ. ಸುಮಾರು 100 ಮಕ್ಕಳಲ್ಲಿ ಐವರಿಗೆ ಒಂದಲ್ಲ ಒಂದು ಹಂತದಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಬೆಳೆದವರಲ್ಲಿ ಉಳಿಯುವುದು 100ಕ್ಕೆ ಒಬ್ಬರಲ್ಲಿ. ವಯಸ್ಕರಲ್ಲಿ ಉಗ್ಗುವ ಗಂಡಸರು ಹೆಂಗಸರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು. ಅದು ಕುಟುಂಬಗಳಲ್ಲಿ ಹರಿದು ಬರುತ್ತದೆಂಬುದು ಹಳೆಯ ಅನುಭವ. 2010ರಲ್ಲಿ ಅಮೆರಿಕದ ಡೆನ್ನಿಸ್ ಡ್ರೇನಾ ಮತ್ತು ಸಂಗಡಿಗರು ಪಾಕಿಸ್ತಾನದ ಕುಟುಂಬಗಳ ಅಧ್ಯಯನದಿಂದ ಹೊರಟು, ಉಗ್ಗಿನೊಡನೆ ನಂಟುಳ್ಳ ವಂಶವಾಹಿ ವ್ಯತ್ಯಾಸಗಳನ್ನು ಗುರುತಿಸಿ ಪ್ರಕಟಿಸಿದರು. ಮಾತನ್ನು ಯೋಜಿಸಿ ಬಾಯಿಯ ಚಲನೆಗೆ ಜೋಡಿಸುವ ಮಿದುಳಿನ ಜಾಲಗಳಲ್ಲಿಯೂ ವ್ಯತ್ಯಾಸಗಳು ಕಂಡುಬಂದಿವೆ. ಬುದ್ಧಿ ಮಂದವಾದ್ದರಿಂದ ಉಗ್ಗು ಬರುವುದಿಲ್ಲ. ಅಂಜುಬುರುಕತನದಿಂದ ಹುಟ್ಟುವುದೂ ಇಲ್ಲ. ಅಂಜಿಕೆ ಅದರ ಫಲ. ಫಲವನ್ನು ಬೇರೆಂದು ತಿಳಿದು ಮದ್ದು ಹಾಕುವವರೇ ನಮ್ಮ ಸುತ್ತ ತುಂಬಿದ್ದಾರೆ.

ಇದರ ನಡೆ ವಿಚಿತ್ರವಾದದ್ದು. ಹಾಡುವಾಗ, ಹಲವರೊಡನೆ ದನಿಗೂಡಿಸಿ ಓದುವಾಗ, ಕೋಣೆಯಲ್ಲಿ ಒಬ್ಬನೇ ಮಾತಾಡಿಕೊಳ್ಳುವಾಗ, ನಾಯಿಮರಿಯನ್ನು ಮುದ್ದಿಸುವಾಗ ಅದು ಬಹುತೇಕ ಮಾಯವಾಗುತ್ತದೆ. ಅದೇ ಬಾಯಿ ಫೋನಿನ ಮುಂದೆ, ಮೇಷ್ಟರ ಮುಂದೆ, ಟಿಕೆಟ್ ಕಿಟಕಿಯ ಮುಂದೆ ಕಟ್ಟಿಹೋಗುತ್ತದೆ. ಇದನ್ನು ಕಂಡ ಹಿರಿಯರು ಮಾಡುವ ಆರೋಪವೊಂದಿದೆ: "ಭಜನೆಯಲ್ಲಿ ಬರುವ ಮಾತು ಪಾಠ ಒಪ್ಪಿಸುವಾಗ ಏಕೆ ಬಾರದು? ಎಲ್ಲ ನಾಟಕ." ತನ್ನ ವಶದಲ್ಲಿಲ್ಲದ ಸಂಗತಿಗೆ ಬೈಸಿಕೊಳ್ಳುವುದು ಒಂದು ನೋವಾದರೆ, ತಾನು ಬೇಕೆಂದೇ ಹಾಗೆ ಮಾಡುತ್ತಿದ್ದೇನೆಂದು ತಾಯಿತಂದೆಯರೇ ನಂಬುವುದು ಅದಕ್ಕಿಂತ ಆಳದ ಇನ್ನೊಂದು ನೋವು. ಮೇಲಿನ ಪಟ್ಟಿಯನ್ನು ಮತ್ತೊಮ್ಮೆ ನೋಡಬೇಕು. ಉಗ್ಗು ಸಡಿಲವಾಗುವ ಹೊತ್ತುಗಳಲ್ಲಿ ಮಾತಿನ ತೂಕ ಅಳೆಯುವ ಕೇಳುಗನೊಬ್ಬ ಎದುರಿಗಿಲ್ಲ. ಬಿಗಿಯುವ ಹೊತ್ತುಗಳಲ್ಲಿ ಆತ ಇದ್ದಾನೆ. ದನಿಗೂಡಿಸಿದಾಗ ಮಾತು ಸಲೀಸಾಗುವುದಕ್ಕೆ ಮಿದುಳಿನೊಳಗಣ ಬೇರೆ ಕಾರಣಗಳೂ ಇವೆಯೆಂಬುದು ನಿಜ. ಆದರೂ ಕೇಳುಗನಿಗೆ ಈ ಕಥೆಯಲ್ಲಿ ಪಾತ್ರವೇ ಇಲ್ಲವೆಂದು ಇದನ್ನೆಲ್ಲ ತಿಳಿದವರು ಹೇಳಲಾರರು.

ಇನ್ನು ಮನೆಮದ್ದುಗಳ ಮಾತು. ನಾವು ಬಜೆ ತೇಯ್ದು ಮಗುವಿನ ನಾಲಗೆಗೆ ಸವರುತ್ತೇವೆ. ತಮಿಳರು ಅದನ್ನೇ ವಸಂಬು ಎನ್ನುತ್ತಾರೆ, 'ಪಿಳ್ಳೈ ವಳರ್ಪ್ಪಾನ್' ಎಂದು ಮುದ್ದಾಗಿಯೂ ಕರೆಯುತ್ತಾರೆ. ಭಾಷೆ ಎರಡಾದರೂ ಬೇರು ಒಂದೇ, ನಂಬಿಕೆಯೂ ಒಂದೇ. ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಮಾತಾಡಿಸುವುದು, ಹರಕೆ ಹೊರುವುದು, ಹತ್ತು ದಿನದಲ್ಲಿ ಖಂಡಿತ ಗುಣವೆನ್ನುವ ಜಾಹೀರಾತಿನ ಬೆನ್ನು ಹತ್ತುವುದು ಇವೆಲ್ಲ ಇನ್ನೂ ನಡೆದಿವೆ. ಇವುಗಳಿಂದ ಗುಣವಾದವರ ಸಾಕ್ಷ್ಯವೂ ಧಾರಾಳವಾಗಿ ಸಿಗುತ್ತದೆ. ಏಕೆ ಸಿಗಬಾರದು? ಐವರಲ್ಲಿ ಸುಮಾರು ನಾಲ್ವರು ಮಕ್ಕಳ ಉಗ್ಗು ತಾನಾಗಿಯೇ ಹೋಗುತ್ತದೆ. ಯಾವ ಮದ್ದು ಕೊಟ್ಟರೂ, ಕೊಡದಿದ್ದರೂ ಆ ನಾಲ್ವರು ಗುಣವಾಗುತ್ತಾರೆ. ಕೀರ್ತಿ ಬಜೆಗೋ ಹರಕೆಗೋ ಜಾಹೀರಾತಿನವನಿಗೋ ಹೋಗುತ್ತದೆ. ಉಳಿದ ಐದನೆಯ ಮಗು ಮಾತ್ರ ಎಲ್ಲರ ಯಶಸ್ಸಿನ ನಡುವೆ ಒಂಟಿ ಸೋಲಾಗಿ ನಿಲ್ಲುತ್ತದೆ. "ಪಕ್ಕದ ಮನೆಯ ಹುಡುಗನಿಗೆ ವಾಸಿಯಾಯಿತು, ನಿನಗೇಕೆ ಆಗಲಿಲ್ಲ?" ಎಂಬ ಪ್ರಶ್ನೆ ಅದರ ಹೆಗಲೇರುತ್ತದೆ.

ಮದ್ದಿನ ಹೆಸರಿನಲ್ಲಿ ನಡೆದ ಕ್ರೌರ್ಯ ನಮ್ಮಲ್ಲಿ ಮಾತ್ರ ಇತ್ತೆಂದೇನೂ ಅಲ್ಲ. 1841ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಡೀಫನ್‌ಬಾಕ್ ಉಗ್ಗುವವರ ನಾಲಗೆಯ ಬುಡದಲ್ಲಿ ಒಂದು ತುಂಡನ್ನು ಕತ್ತರಿಸಿ ತೆಗೆಯುವ ಚಿಕಿತ್ಸೆಯನ್ನು ಪ್ರಚಾರಕ್ಕೆ ತಂದ. ಅರಿವಳಿಕೆ ಇನ್ನೂ ಬಳಕೆಗೆ ಬಾರದ ಕಾಲವದು. ನಾಲಗೆಯ ಕೆಳಗಿನ ದಾರವನ್ನು ಕತ್ತರಿಸಿದರೆ ಉಗ್ಗು ಹೋಗುತ್ತದೆಂದು ನಂಬುವವರು ನಮ್ಮ ನಡುವೆ ಇಂದಿಗೂ ಇದ್ದಾರೆ. ಎರಡರ ಹಿಂದೆಯೂ ಇರುವ ತರ್ಕ ಒಂದೇ. ಮಾತು ಬಾಯಿಂದ ಬರುತ್ತದೆ, ಆದ್ದರಿಂದ ತಪ್ಪು ಬಾಯಿಯದು. ಅಲ್ಲಿಯೇ ಏನಾದರೂ ಕುಯ್ಯಬೇಕು, ತೇಯಬೇಕು, ತಿದ್ದಬೇಕು.

ಈಗ ಚೆನ್ನೈ ಕನ್ನಡದ ಮನೆಗಳಿಗೆ ಬರೋಣ. ಇಲ್ಲಿನ ಮಗುವಿಗೆ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು, ಟಿವಿಯಲ್ಲಿ ಹಿಂದಿ. ಅದು ಉಗ್ಗತೊಡಗಿದೊಡನೆ ನೆಂಟರು, ನೆರೆಯವರು, ಶಾಲೆಯವರು, ಕೆಲವೊಮ್ಮೆ ವೈದ್ಯರೂ ಕೊಡುವ ಸಲಹೆ ಒಂದೇ: "ಇಷ್ಟು ಭಾಷೆ ಮಗುವಿಗೆ ಭಾರವಾಗಿದೆ. ಒಂದನ್ನು ಬಿಟ್ಟುಬಿಡಿ." ಬಿಡಬೇಕಾದ ಆ ಒಂದು ಯಾವುದು? ಇಂಗ್ಲಿಷನ್ನು ಬಿಡಿ ಎಂದು ಹೇಳಿದವರನ್ನು ನಾನು ಕಂಡಿಲ್ಲ. ತಮಿಳನ್ನು ಬಿಟ್ಟರೆ ಓಣಿಯಲ್ಲಿ ಆಡಲಾಗದು. ಉಳಿಯುವುದು ಅಂಕವನ್ನೂ ಉದ್ಯೋಗವನ್ನೂ ಕೊಡದ, ಕೇಳಿದರೂ ತಕರಾರು ಮಾಡದ ಅಜ್ಜಿಯ ಭಾಷೆ. ಹೀಗೆ ಉಗ್ಗಿನ ನೆಪದಲ್ಲಿ ಒಂದು ಮನೆಯ ಕನ್ನಡ ಸದ್ದಿಲ್ಲದೆ ಮುಗಿದುಹೋಗುತ್ತದೆ. ನವೆಂಬರಿನಲ್ಲಿ ಕನ್ನಡದ ಅಳಿವು ಉಳಿವಿನ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ನಮಗೆ ಈ ಸಾವಿನ ಸುದ್ದಿಯೂ ಮುಟ್ಟುವುದಿಲ್ಲ.

ಈ ಸಲಹೆಯ ಹಿಂದೆ ಗಟ್ಟಿಯಾದ ಆಧಾರವಿದ್ದಿದ್ದರೆ ನೋವನ್ನು ನುಂಗಿ ಒಪ್ಪಬಹುದಿತ್ತು. ಎರಡು ಮೂರು ಭಾಷೆಗಳನ್ನು ಕಲಿಯುವುದರಿಂದ ಉಗ್ಗು ಹುಟ್ಟುತ್ತದೆಂಬುದಕ್ಕೆ ಖಚಿತ ಪುರಾವೆ ಇಲ್ಲ. ಅಂಥ ಭ್ರಮೆ ಏಕೆ ಬಂತೆಂಬುದನ್ನು ಸುಲಭವಾಗಿ ಊಹಿಸಬಹುದು. ಉಗ್ಗು ತಲೆದೋರುವ ವಯಸ್ಸೂ ಮಗುವನ್ನು ಎಲ್‌ಕೆಜಿಗೆ ಸೇರಿಸುವ ವಯಸ್ಸೂ ಒಂದೇ. ಮಗು ಹೊಸ ಭಾಷೆಯೊಳಗೆ ಕಾಲಿಟ್ಟ ವರ್ಷವೇ ಉಗ್ಗತೊಡಗಿದರೆ, ಒಂದು ಇನ್ನೊಂದಕ್ಕೆ ಕಾರಣವೆಂದು ತೋರುವುದು ಸಹಜ. ಜೊತೆಯಲ್ಲಿ ಬಂದದ್ದನ್ನೆಲ್ಲ ಕಾರಣವೆಂದುಕೊಂಡರೆ ಹಾಲುಹಲ್ಲನ್ನೂ ದೂರಬೇಕಾದೀತು. ಭಾಷೆಗಳ ಸಂಖ್ಯೆಯೇ ನಾಲಗೆಯನ್ನು ಕಟ್ಟುವುದಾದರೆ, ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿಗಳ ನಡುವೆ ಬೆಳೆಯುವ ಕಾಸರಗೋಡಿನ ಮಕ್ಕಳೆಲ್ಲರೂ ಉಗ್ಗಬೇಕಿತ್ತು. ಆ ನಾಡನ್ನು ನಾವು ಸಪ್ತಭಾಷಾ ಸಂಗಮಭೂಮಿ ಎಂದು ಹೊಗಳುತ್ತೇವೆ; ಅದೇ ಸಂಗಮ ನಮ್ಮ ಮನೆಯ ಪಡಸಾಲೆಗೆ ಬಂದರೆ ರೋಗವೆನ್ನುತ್ತೇವೆ.

ಇದರಲ್ಲಿ ಇನ್ನೂ ದೊಡ್ಡ ಅನ್ಯಾಯವಿದೆ. ಹತಾಶೆಗೂ ಒಂದು ಭಾಷೆ ಬೇಕು. ಶಾಲೆಯಲ್ಲಿ ಹೆಸರು ಕೂಗಿದಾಗ ಉತ್ತರ ಬಾರದೆ ನಗೆಪಾಟಲಾದ ಮಗು ಮನೆಗೆ ಬಂದು ಚೀಲ ಎಸೆದು, ಅಮ್ಮನ ಸೆರಗು ಹಿಡಿದು, ಅತ್ತು ಹೇಳಿಕೊಳ್ಳುವುದು ಯಾವ ನುಡಿಯಲ್ಲಿ? ಸಿಟ್ಟು, ಅವಮಾನ, ಹಟ, ಮುನಿಸು ಇವೆಲ್ಲ ಮೊದಲು ಮೊಳೆತದ್ದು ಮನೆಮಾತಿನಲ್ಲಿ. ಅದನ್ನು ತೆಗೆದುಹಾಕಿ ಅಪ್ಪ ಅಮ್ಮಂದಿರೇ ತಡವರಿಸುತ್ತ ಆಡುವ ಇಂಗ್ಲಿಷನ್ನು ಆ ಜಾಗದಲ್ಲಿ ಕೂರಿಸಿದರೆ, ಮಗುವಿಗೆ ಉಗ್ಗು ಉಳಿಯುತ್ತದೆ, ಉಗ್ಗಿನ ಸಂಕಟವನ್ನು ಹೇಳಿಕೊಳ್ಳುವ ಬಾಗಿಲು ಮುಚ್ಚುತ್ತದೆ. ಮೈಸೂರಿನಿಂದಲೋ ಹಾಸನದಿಂದಲೋ ವಾರಕ್ಕೊಮ್ಮೆ ಫೋನು ಮಾಡುವ ಅಜ್ಜ, ಬಹುಶಃ ಆ ಮಗುವಿನ ಮಾತನ್ನು ಕೊನೆಯವರೆಗೂ ಕಾದು ಕೇಳುತ್ತಿದ್ದ ಒಬ್ಬನೇ ಮನುಷ್ಯ, ಇನ್ನು ಮೇಲೆ ಅದಕ್ಕೆ ಪರಭಾಷೆಯವನು.

ಕೇಳುವವರ ಕಿವಿ ಮಗುವನ್ನು ಏನು ಮಾಡಬಲ್ಲದೆಂಬುದಕ್ಕೆ ಚರಿತ್ರೆಯಲ್ಲಿ ಕರಾಳ ಉದಾಹರಣೆಯೊಂದಿದೆ. 1939ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೆಂಡೆಲ್ ಜಾನ್ಸನ್ ಎಂಬ ವಿದ್ವಾಂಸರ ಮಾರ್ಗದರ್ಶನದಲ್ಲಿ ಮೇರಿ ಟ್ಯೂಡರ್ ಎಂಬ ವಿದ್ಯಾರ್ಥಿನಿ ಡ್ಯಾವನ್‌ಪೋರ್ಟಿನ ಅನಾಥಾಶ್ರಮವೊಂದರ 22 ಮಕ್ಕಳ ಮೇಲೆ ಪ್ರಯೋಗ ನಡೆಸಿದರು. ಸರಿಯಾಗಿಯೇ ಮಾತನಾಡುತ್ತಿದ್ದ ಕೆಲವು ಮಕ್ಕಳಿಗೆ, ನಿಮ್ಮ ಮಾತು ಕೆಟ್ಟಿದೆ, ಉಗ್ಗು ಶುರುವಾಗಿದೆ, ತಪ್ಪಿಲ್ಲದೆ ಬರುವುದಾದರೆ ಮಾತ್ರ ಬಾಯಿ ತೆರೆಯಿರಿ ಎಂದು ತಿಂಗಳುಗಟ್ಟಲೆ ಹೇಳಲಾಯಿತು. ಆ ಮಕ್ಕಳು ಉಗ್ಗುವವರಾದರೆಂದು ಹೇಳಲು ಬಾರದು. ಆದರೆ ಅವರಲ್ಲಿ ಹಲವರು ಮಾತನ್ನೇ ಕಡಿಮೆ ಮಾಡಿದರು, ಮುದುಡಿದರು, ಓದಿನಲ್ಲಿ ಹಿಂದೆ ಬಿದ್ದರು. ಸಂಗತಿ ಹೊರಬಿದ್ದ ಮೇಲೆ 2001ರಲ್ಲಿ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ರಾಜ್ಯ ಪರಿಹಾರ ಕೊಟ್ಟಿತು.

ಜಾನ್ಸನ್ ಸ್ವತಃ ಉಗ್ಗುತ್ತಿದ್ದವರು. ಉಗ್ಗು ಮಗುವಿನ ಬಾಯಿಗಿಂತ ಮೊದಲು ಹೆತ್ತವರ ಕಿವಿಯಲ್ಲಿ ಹುಟ್ಟುತ್ತದೆಂಬುದು ಅವರ ಸಿದ್ಧಾಂತ. ಉಗ್ಗಿನ ಮೂಲದ ಬಗ್ಗೆ ಅವರ ನಿಲುವು ತಪ್ಪೆಂದು ಮುಂದಿನ ಸಂಶೋಧನೆ ತೋರಿಸಿತು. ತಾಯಿತಂದೆಯರು ಉಗ್ಗನ್ನು ಹುಟ್ಟಿಸುವುದಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಇಂಥ ದೂರು ಕಡೆಗೆ ಬಂದು ಬೀಳುವುದು ತಾಯಿಯ ತಲೆಯ ಮೇಲೆಯೇ. ಆದರೆ ಅವರ ಪ್ರಯೋಗ, ಅವರ ಸಿದ್ಧಾಂತಕ್ಕೆ ಹೊರತಾಗಿ, ಬೇರೊಂದನ್ನು ತೋರಿಸಿತು. ಉಗ್ಗನ್ನು ಹುಟ್ಟಿಸಲಾರದ ಕಿವಿ ಮೌನವನ್ನು ಹುಟ್ಟಿಸಬಲ್ಲದು. ಅಯೋವಾದಲ್ಲಿ ತಿಂಗಳುಗಟ್ಟಲೆ ನಡೆದು ನಿಂತ ಆ ಪ್ರಯೋಗವನ್ನು ನಮ್ಮಲ್ಲಿ ಊಟದ ಎಲೆಯ ಮುಂದೆ, ಮದುವೆ ಮನೆಯಲ್ಲಿ, ತರಗತಿಯಲ್ಲಿ, ವರ್ಷಗಟ್ಟಲೆ, ಪ್ರೀತಿಯ ಹೆಸರಿನಲ್ಲಿ ನಡೆಸುತ್ತೇವೆ. "ಎಲ್ಲಿ, ಸರಿಯಾಗಿ ಇನ್ನೊಂದು ಸಲ ಹೇಳು ಪುಟ್ಟಾ."

ಈ ಮೌನ ಬೆಳೆದು ದೊಡ್ಡದಾದಾಗ ಹೇಗಿರುತ್ತದೆ? ಹೊರಗಿನವರಿಗೆ ಅದು ಕಾಣುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಜೋಸೆಫ್ ಶೀಹನ್ ಉಗ್ಗನ್ನು ನೀರ್ಗಲ್ಲ ಬೆಟ್ಟಕ್ಕೆ ಹೋಲಿಸಿದರು: ಕೇಳಿಸುವ ತೊಡರು ನೀರ ಮೇಲಿನ ತುದಿ, ಅಂಜಿಕೆ, ನಾಚಿಕೆ, ತಪ್ಪಿಸಿಕೊಳ್ಳುವ ಉಪಾಯಗಳೆಲ್ಲ ನೀರ ಕೆಳಗೆ. ಎಗ್ಮೋರಿನಲ್ಲಿ ಸಬರ್ಬನ್ ರೈಲಿಗೆ ಟಿಕೆಟ್ ಕೊಳ್ಳಲು ನಿಂತವನನ್ನು ಕಲ್ಪಿಸಿಕೊಳ್ಳಿ. ಇಳಿಯಬೇಕಾದದ್ದು ಮಾಂಬಲಂನಲ್ಲಿ. 'ಮ' ಎಂಬ ಅಕ್ಷರ ತುಟಿಯಲ್ಲಿ ಅಂಟಿಕೊಂಡಿದೆ. ಹಿಂದಿನವರು "ಸೀಕ್ಕಿರಂ ಸಾರ್" ಎನ್ನುತ್ತಿದ್ದಾರೆ. ಆತ ಆಚೆಯ ನಿಲ್ದಾಣವಾದ ಸೈದಾಪೇಟೆಗೆ ಟಿಕೆಟ್ ಕೇಳಿ ಮಾಂಬಲಂನಲ್ಲೇ ಇಳಿದು ಹೋಗುತ್ತಾನೆ. ಹೋಟೆಲಿನಲ್ಲಿ ತನಗೆ ಬೇಕಾದ ತಿಂಡಿಯನ್ನು ಬಿಟ್ಟು ಬಾಯಿಗೆ ಬರುವ ತಿಂಡಿಯನ್ನು ತಿನ್ನುತ್ತಾನೆ. ದಿನಕ್ಕೆ ನೂರು ಪದಗಳನ್ನು ಹೀಗೆ ಬದಲಿಸುತ್ತ, ವಾಕ್ಯ ಬಾಯಿಗೆ ಬರುವ ಮೊದಲೇ ಮುಂದಿರುವ ಕಲ್ಲುಗಳನ್ನು ಲೆಕ್ಕ ಹಾಕುತ್ತ ಬದುಕುತ್ತಾನೆ. ಬದಲಿಸಲಾಗದ ಪದ ಒಂದೇ, ಅವನ ಸ್ವಂತ ಹೆಸರು. ಆದ್ದರಿಂದಲೇ ಉಗ್ಗುವ ಅನೇಕರಿಗೆ ಅತಿ ಕಷ್ಟದ ಪ್ರಶ್ನೆಯೆಂದರೆ "ನಿಮ್ಮ ಹೆಸರೇನು?" ಉತ್ತರ ತಡವಾದರೆ ಎದುರಿಗಿರುವವರು ನಕ್ಕು ಕೇಳುತ್ತಾರೆ: "ಏನ್ರೀ, ನಿಮ್ಮ ಹೆಸರೇ ಮರೆತುಹೋಯಿತೇ?" ಆ ನಗೆಯಲ್ಲಿ ದುರುದ್ದೇಶವಿರುವುದಿಲ್ಲ. ನಿರುಪದ್ರವಿ ಎಂದುಕೊಂಡ ಆ ನಗೆಯನ್ನು ಇಪ್ಪತ್ತು ವರ್ಷ, ಮೂವತ್ತು ವರ್ಷ ದಿನವೂ ಕೇಳಿದವನು ಒಂದು ದಿನ ಸಿಡಿದರೆ "ಇವನಿಗೆ ಬಹಳ ಮುಂಗೋಪ" ಎಂಬ ಬಿರುದೂ ಸೇರಿಕೊಳ್ಳುತ್ತದೆ.

ಈಗ ಟಿಕೆಟ್ಟಿಗೆ ಯಂತ್ರ ಬಂದಿದೆ, ಮೊಬೈಲ್ ಬಂದಿದೆ, ಊಟವನ್ನು ಬಾಯಿ ತೆರೆಯದೆ ತರಿಸಬಹುದು. ಇದನ್ನು ಪರಿಹಾರವೆನ್ನುವವರಿದ್ದಾರೆ. ಕೆಲಸ ಹಗುರಾದುದು ಸಂತೋಷವೇ. ಆದರೆ ಒಬ್ಬ ಮನುಷ್ಯ ಇನ್ನೊಬ್ಬನೊಡನೆ ಮಾತಾಡಬೇಕಾದ ಪ್ರಸಂಗಗಳನ್ನೇ ಅಳಿಸುವುದು ಮಾತಿನ ಸಮಸ್ಯೆಗೆ ಉತ್ತರವಾಗಲಾರದು. ಅತ್ತ ಹಳೆಯ ಮಹಾಬಲಿಪುರಂ ರಸ್ತೆಯ ಉದ್ದಕ್ಕೂ ಎದ್ದಿರುವ ಐಟಿ ಕಂಪನಿಗಳಲ್ಲಿ ಗುಂಪು ಚರ್ಚೆಯಲ್ಲಿ ಮೊದಲು ಬಾಯಿ ಹಾಕಿದವನಿಗೆ ಅಂಕ; ಸಿಬಿಎಸ್‌ಇ ಭಾಷಾ ಪಠ್ಯಕ್ರಮದಲ್ಲಿ ಮಾತುಗಾರಿಕೆಗೂ ಅಂಕ. ಒಂದೆಡೆ ಮಾತನ್ನು ಅನಾವಶ್ಯಕ ಮಾಡುತ್ತ, ಇನ್ನೊಂದೆಡೆ ಸರಾಗ ಮಾತನ್ನೇ ಯೋಗ್ಯತೆಯ ಅಳತೆಗೋಲು ಮಾಡಿರುವ ಕಾಲವಿದು.

ನಮ್ಮ ಸಂಘಗಳು ಈ ಅಳತೆಗೋಲನ್ನು ಪ್ರಶ್ನಿಸಬೇಕಿತ್ತು. ಬದಲಿಗೆ ಅದನ್ನೇ ಪೂಜೆಗೆ ಇಟ್ಟಿವೆ. ಮಕ್ಕಳಿಗೆ ಕನ್ನಡ ಕಲಿಸುವ ನಮ್ಮ ಉತ್ಸಾಹವೆಲ್ಲ ಹರಿಯುವುದು ಭಾಷಣ ಸ್ಪರ್ಧೆ, ಚರ್ಚಾ ಸ್ಪರ್ಧೆ, ಆಶುಭಾಷಣಗಳ ಕಾಲುವೆಯಲ್ಲಿ. ಮೂರು ನಿಮಿಷ, ಎಚ್ಚರಿಕೆಯ ಗಂಟೆ, ಅಂಕಪಟ್ಟಿಯಲ್ಲಿ 'ನಿರರ್ಗಳತೆ' ಎಂಬ ಕಲಮು. ಚೆನ್ನಾಗಿ ಮಾತನಾಡುವುದೆಂದರೆ ತಡೆಯಿಲ್ಲದೆ ಮಾತನಾಡುವುದೆಂಬ ಸಮೀಕರಣ ಎಲ್ಲಿಂದ ಬಂತು? ನಿರರ್ಗಳವಾಗಿ ಏನೂ ಹೇಳದವರನ್ನು ನಮ್ಮ ವೇದಿಕೆಗಳ ಮೇಲೆ ನಾವು ಎಷ್ಟು ಕಂಡಿಲ್ಲ! ಈ ನಗರದ ಸಭೆಯೊಂದರಲ್ಲಿ ನಾನು ವಂದನಾರ್ಪಣೆಗೆ ನಿಂತಿದ್ದಾಗ ನಡೆದದ್ದನ್ನು ಹೇಳಬೇಕು. ಅಧ್ಯಕ್ಷರ ಹೆಸರಿನ ಮೊದಲ ಅಕ್ಷರದಲ್ಲಿ ನನ್ನ ನಾಲಗೆ ತಡೆದು ನಿಂತಿತು. ಕೆಲವೇ ಕ್ಷಣ. ಪಕ್ಕದಲ್ಲಿದ್ದ ಮಹನೀಯರೊಬ್ಬರು ಮುಂದೆ ಬಂದು ನಗುನಗುತ್ತ ಧ್ವನಿವರ್ಧಕವನ್ನು ತಮ್ಮತ್ತ ಎಳೆದುಕೊಂಡು, ನನ್ನ ವಾಕ್ಯವನ್ನು ತಾವೇ ಮುಗಿಸಿದರು. ಸಭೆ ಚಪ್ಪಾಳೆ ತಟ್ಟಿತು. ಅವರು ನನಗೆ ಉಪಕಾರ ಮಾಡಿದರೆಂದೇ ಎಲ್ಲರೂ ತಿಳಿದರು. ಅವರೂ ಹಾಗೆಯೇ ತಿಳಿದಿದ್ದರು. ನನ್ನ ವಾಕ್ಯ ಎಲ್ಲಿಗೆ ಹೋಗುವುದಿತ್ತೆಂದು ಯಾರೂ ಕೇಳಲಿಲ್ಲ. ಅದು ಬೇರೆಡೆಗೆ ಹೋಗುವುದಿತ್ತು.

ಲೆಕ್ಕ ಸರಳವಾದದ್ದು. 300 ಜನ ಸೇರುವ ರಾಜ್ಯೋತ್ಸವದ ಸಭೆಯಲ್ಲಿ, ನೂರಕ್ಕೆ ಒಬ್ಬರಂತೆ, ಮೂವರು ಉಗ್ಗುವವರಿರಬೇಕು. ಅವರೆಲ್ಲಿದ್ದಾರೆ? ಬಂದಿದ್ದರೆ ಕುರ್ಚಿ ಜೋಡಿಸುತ್ತಿರುತ್ತಾರೆ, ಊಟ ಬಡಿಸುತ್ತಿರುತ್ತಾರೆ, ಲೆಕ್ಕಪತ್ರ ನೋಡಿಕೊಳ್ಳುತ್ತಿರುತ್ತಾರೆ. "ಅವರು ಬಹಳ ಒಳ್ಳೆಯವರು, ಮಾತು ಕಡಿಮೆ" ಎಂದು ನಾವು ಮೆಚ್ಚುತ್ತೇವೆ. ಮಾತು ಕಡಿಮೆಯಾದದ್ದು ಅವರ ಸ್ವಭಾವದಿಂದಲೋ ನಮ್ಮ ಸ್ವಭಾವದಿಂದಲೋ ಎಂದು ವಿಚಾರಿಸುವುದಿಲ್ಲ.

ಮಾತು ಬಲ್ಲವನಿಗೆ ಜಗಳವಿಲ್ಲ, ಬಾಯಿದ್ದವನು ಬದುಕಿದ ಎಂಬ ಗಾದೆಗಳನ್ನು ಎತ್ತಿ, ಮಾತಿನ ಮಹಿಮೆ ನಮ್ಮ ಪರಂಪರೆಯಲ್ಲಿಯೇ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅವರಿಗೆ ಪರಂಪರೆಯಿಂದಲೇ ಉತ್ತರವಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡನಾಡಿನ ಜನರನ್ನು ಹೊಗಳುವ ಪದ್ಯವನ್ನು ನಾವು ಪ್ರತಿ ಸಮಾರಂಭದಲ್ಲೂ ಹೇಳಿಸುತ್ತೇವೆ. ಅಲ್ಲಿ ಹೊಗಳಿಕೆ ಎರಡು ಗುಣಗಳಿಗೆ ಸಲ್ಲುತ್ತದೆ. ಹದವರಿತು ನುಡಿಯಬಲ್ಲವರು ಎಂಬುದು ಒಂದು. ಇತರರು ನುಡಿದದ್ದನ್ನು ಗ್ರಹಿಸಿ ವಿಚಾರಿಸಬಲ್ಲವರು ಎಂಬುದು ಇನ್ನೊಂದು. ಕೇಳುವ ಶಕ್ತಿಯನ್ನು ನುಡಿಯುವ ಶಕ್ತಿಯ ಪಕ್ಕದಲ್ಲಿ, ಸರಿಸಮವಾಗಿ, ಆ ಕವಿ ಇಟ್ಟಿದ್ದಾನೆ. ನಾವು ಮೊದಲ ಗುಣಕ್ಕೆ ನೂರು ಸ್ಪರ್ಧೆ, ಸಾವಿರ ಬಹುಮಾನ ಏರ್ಪಡಿಸಿದ್ದೇವೆ. ಎರಡನೆಯ ಗುಣಕ್ಕೆ ಒಂದು ಸ್ಪರ್ಧೆಯೂ ಇಲ್ಲ, ಒಂದು ಹಿತ್ತಾಳೆಯ ಲೋಟವೂ ಇಲ್ಲ.

ನೆರೆಯ ಕೇರಳ ಈ ವಿಷಯದಲ್ಲಿ ನಮಗೊಂದು ಪಾಠ ಹೇಳಿದೆ. ಇ.ಎಂ.ಎಸ್. ನಂಬೂದಿರಿಪಾಡರು ಜೀವಮಾನವಿಡೀ ಉಗ್ಗುತ್ತಿದ್ದರು. 1957ರಲ್ಲಿ ಅವರು ಆ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು, 1967ರಲ್ಲಿ ಮತ್ತೆ ಆದರು, ಆಮೇಲೆ ಹಲವು ವರ್ಷ ತಮ್ಮ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದರು. ಯಾವಾಗಲೂ ಉಗ್ಗುತ್ತೀರಾ ಎಂದು ಒಬ್ಬರು ಕೇಳಿದ್ದಕ್ಕೆ, ಇಲ್ಲ, ಮಾತನಾಡುವಾಗ ಮಾತ್ರ ಎಂದು ಅವರು ಉತ್ತರಿಸಿದರೆಂಬ ಕಥೆ ಪ್ರಚಲಿತವಾಗಿದೆ. ಅವರ ರಾಜಕೀಯವನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ. ಅದು ಇಲ್ಲಿಯ ವಿಷಯವಲ್ಲ. ಈ ಕಥೆಯನ್ನು ಹೇಳುವವರು ಅವರ ಹಾಸ್ಯಪ್ರಜ್ಞೆಯನ್ನೂ ಧೈರ್ಯವನ್ನೂ ಮೆಚ್ಚುತ್ತಾರೆ. ನಾನು ಅವರ ಸಭಿಕರನ್ನು ಮೆಚ್ಚುತ್ತೇನೆ. ಮೈದಾನಗಳಲ್ಲಿ ಕುಳಿತು, ತಡೆತಡೆದು ಬರುವ ವಾಕ್ಯಗಳಿಗೆ ಕಾದು, ಅವುಗಳ ಅರ್ಥವನ್ನು ತೂಗಿ, ಒಪ್ಪಿಯೋ ವಿರೋಧಿಸಿಯೋ ಮನೆಗೆ ಹೋದ ಆ ಜನ ಇಲ್ಲದಿದ್ದರೆ ಆ ಧೈರ್ಯ ಯಾವ ಕೆಲಸಕ್ಕೆ ಬರುತ್ತಿತ್ತು?

ನಾವಿರುವುದು ಸಿನಿಮಾದ ನಗರ. ದಶಕಗಳ ಕಾಲ ಕನ್ನಡ ಚಿತ್ರಗಳೂ ತಯಾರಾದದ್ದು ಇಲ್ಲಿನ ಸ್ಟುಡಿಯೋಗಳಲ್ಲಿ. ಭಾರತದ ಸಿನಿಮಾಕ್ಕೆ, ಭಾಷೆಯ ಭೇದವಿಲ್ಲದೆ, ಉಗ್ಗು ಅಗ್ಗದ ನಗೆಯ ಸಾಮಗ್ರಿ. ಹಿಂದಿಯ 'ಗೋಲ್‌ಮಾಲ್ 3' 2010ರಲ್ಲಿ ಅದನ್ನು ಉದ್ದಕ್ಕೂ ಬಳಸಿತು. ಅದೇ ವರ್ಷ ಬಂದ 'ದಿ ಕಿಂಗ್ಸ್ ಸ್ಪೀಚ್' ಉಗ್ಗುವ ದೊರೆಯ ಸಂಕಟವನ್ನು ಜಗತ್ತಿಗೆ ತೋರಿಸಿತು. ಮಲಯಾಳದಲ್ಲಿ 2015ರಲ್ಲಿ 'ಸು ಸು ಸುಧಿ ವಾತ್ಮೀಕಂ' ಎಂಬ ಚಿತ್ರ ಉಗ್ಗುವವನನ್ನೇ ನಾಯಕನನ್ನಾಗಿ ಮಾಡಿ, ಶೀರ್ಷಿಕೆಯಲ್ಲೇ ಅವನ ತಡೆಯನ್ನು ಉಳಿಸಿಕೊಂಡಿತು. ಸಾಧ್ಯವಿಲ್ಲದ್ದೇನೂ ಅಲ್ಲವೆಂದು ಇದರಿಂದ ತಿಳಿಯುತ್ತದೆ.

ಕಾನೂನಿನ ಕಿವಿಯೂ ಅವಸರದ್ದೇ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿತು. ಅದರಲ್ಲಿ ವಾಕ್ ಮತ್ತು ಭಾಷಾ ವೈಕಲ್ಯವೂ ಇದೆ. ಆದರೆ ಅದರ ವಿವರಣೆ ಧ್ವನಿಪೆಟ್ಟಿಗೆಯನ್ನು ತೆಗೆದವರು, ಮಿದುಳಿನ ಆಘಾತದಿಂದ ಭಾಷೆ ಕಳೆದುಕೊಂಡವರು ಇಂಥವರನ್ನು ಉದಾಹರಿಸಿ, ಆಂಗಿಕ ಅಥವಾ ನರಸಂಬಂಧಿ ಕಾರಣದಿಂದ ಆದ ಶಾಶ್ವತ ವೈಕಲ್ಯ ಎನ್ನುತ್ತದೆ. ಉಗ್ಗಿನ ಹೆಸರು ಅಲ್ಲಿಲ್ಲ. ಉಗ್ಗು ಬೆಳಿಗ್ಗೆ ಒಂದು ತೆರ, ಸಂಜೆ ಇನ್ನೊಂದು ತೆರ. ಇಂದು ಸಲೀಸು, ನಾಳೆ ಕಗ್ಗಂಟು. ಒಂದು ದಿನ, ಒಂದು ಮೇಜಿನ ಮುಂದೆ ಕೂರಿಸಿ ಶೇಕಡಾವಾರು ಅಳೆಯುವ ಪದ್ಧತಿಗೆ ಅದು ಸಿಕ್ಕುವುದು ಕಷ್ಟ. ಎಲ್ಲ ಉಗ್ಗುವವರಿಗೂ ಮೀಸಲಾತಿ ಬೇಕೆಂದು ನಾನು ಹೇಳುತ್ತಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಇನ್ನೈದು ನಿಮಿಷ, ಸಂದರ್ಶನದಲ್ಲಿ ಬರೆದು ಉತ್ತರಿಸುವ ಆಯ್ಕೆ, ಇಷ್ಟನ್ನು ಭಿಕ್ಷೆಯಾಗಿ ಬೇಡದೆ ಹಕ್ಕಾಗಿ ಕೇಳುವಂತಿರಬೇಕು.

ಹಾಗಾದರೆ ಚಿಕಿತ್ಸೆ ಬೇಡವೇ ಎಂದು ಯಾರಾದರೂ ಕೇಳಬಹುದು. ಖಂಡಿತ ಬೇಕು, ಅದೂ ಬೇಗ ಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಚೆನ್ನೈಯಲ್ಲಿಯೂ ಪೋರೂರಿನ ಶ್ರೀ ರಾಮಚಂದ್ರ ಸಂಸ್ಥೆಯಂಥ ಕಡೆ ವಾಕ್ ಚಿಕಿತ್ಸೆಯ ವಿಭಾಗಗಳಿವೆ. ಚಿಕ್ಕ ಮಕ್ಕಳ ವಿಷಯದಲ್ಲಿ ಒಳ್ಳೆಯ ಚಿಕಿತ್ಸಕರು ಬಹಳ ಮಟ್ಟಿಗೆ ತಿದ್ದುವುದು ಹೆತ್ತವರ ನಡವಳಿಕೆಯನ್ನು: ತಾವು ನಿಧಾನವಾಗಿ ಮಾತಾಡಿ, ಪ್ರಶ್ನೆಗಳ ಮಳೆ ಸುರಿಸಬೇಡಿ, ಮಗು ಮುಗಿಸುವವರೆಗೆ ಕಾಯಿರಿ. ಬೆಳೆದವರಿಗೆ, ಸ್ವತಃ ಉಗ್ಗುತ್ತಿದ್ದ ಚಾರ್ಲ್ಸ್ ವ್ಯಾನ್ ರೈಪರ್ ತೋರಿದ ಹಾದಿ ಇನ್ನೂ ಚಾಲ್ತಿಯಲ್ಲಿದೆ: ಉಗ್ಗನ್ನು ಬಚ್ಚಿಡಬೇಡಿ, ಅದರೊಡನೆ ಗುದ್ದಾಡಬೇಡಿ, ಹಗುರವಾಗಿ ಉಗ್ಗಲು ಕಲಿಯಿರಿ. ಎರಡರ ತಿರುಳೂ ಒಂದೇ. ಉಗ್ಗು ಅಪರಾಧವಲ್ಲವೆಂದು ಮೊದಲು ಒಪ್ಪಬೇಕು. ಇದನ್ನು ಚಿಕಿತ್ಸಾ ಕೊಠಡಿಯಲ್ಲಿ ವಾರಕ್ಕೊಂದು ಗಂಟೆ ಕಲಿತು ಹೊರಬಂದವನಿಗೆ ಬೀದಿಯೂ ಸಭೆಯೂ ಉಳಿದ ಎಲ್ಲ ಗಂಟೆ ಅದರ ವಿರುದ್ಧ ಪಾಠ ಹೇಳುತ್ತಿದ್ದರೆ ಚಿಕಿತ್ಸೆ ಏನು ಮಾಡೀತು?

ಸರಾಗ ಮಾತಿನ ಸೊಬಗನ್ನು ನಾವು ಮೆಚ್ಚಬಾರದೇ, ಸ್ಪರ್ಧೆಗಳನ್ನೆಲ್ಲ ನಿಲ್ಲಿಸಬೇಕೇ ಎಂಬ ಆಕ್ಷೇಪವೂ ಬರಬಹುದು. ಮೆಚ್ಚೋಣ, ಒಳ್ಳೆಯ ಓಟಗಾರನನ್ನೂ ಮೆಚ್ಚುತ್ತೇವೆ. ಆದರೆ ಓಡಲಾರದವನು ಬೀದಿಯಲ್ಲಿ ನಡೆಯಬಾರದೆಂದು ಯಾರೂ ಹೇಳುವುದಿಲ್ಲ. ಆದ್ದರಿಂದ ನಮ್ಮ ಸಂಘಗಳ ಮುಂದೆ ಕೆಲವು ಬೇಡಿಕೆಗಳನ್ನು ಇಡುತ್ತೇನೆ. ಮಕ್ಕಳ ಭಾಷಣ ಸ್ಪರ್ಧೆಗಳ ಅಂಕಪಟ್ಟಿಯಿಂದ 'ನಿರರ್ಗಳತೆ' ಎಂಬ ಕಲಮನ್ನು ತೆಗೆದು, ವಿಷಯಕ್ಕೂ ವಿಚಾರಕ್ಕೂ ಆ ಅಂಕಗಳನ್ನು ಕೊಡಬೇಕು. ಉಗ್ಗುವ ಮಗುವಿಗೆ ಗಂಟೆ ಬಾರಿಸಬಾರದು. ದನಿಗೂಡಿಸಿದಾಗ ಉಗ್ಗು ಸಡಿಲವಾಗುವುದರಿಂದ ಸಮೂಹ ವಾಚನ, ಗಮಕ, ನಾಟಕಗಳಲ್ಲಿ ಇಂಥ ಮಕ್ಕಳಿಗೆ ಜಾಗ ಮಾಡಬೇಕು. ಅಲ್ಲಿಗೇ ನಿಲ್ಲಿಸದೆ, ಬಯಸಿದವರಿಗೆ ಒಂಟಿಯಾಗಿ ಮಾತನಾಡುವ ಅವಕಾಶವನ್ನೂ ಕೊಡಬೇಕು. ಉಗ್ಗುವ ಮಗುವಿರುವ ಮನೆಯವರಿಗೆ, ಕನ್ನಡ ಬಿಡಬೇಡಿ ಎಂದು ಧೈರ್ಯ ಹೇಳುವ, ಕನ್ನಡ ಬಲ್ಲ ವಾಕ್ ಚಿಕಿತ್ಸಕರನ್ನು ವರ್ಷಕ್ಕೊಮ್ಮೆಯಾದರೂ ಕರೆಸಬೇಕು. ಅಕ್ಟೋಬರ್ 22 ಅಂತರರಾಷ್ಟ್ರೀಯ ಉಗ್ಗು ಜಾಗೃತಿ ದಿನ. ರಾಜ್ಯೋತ್ಸವಕ್ಕೆ ಹತ್ತೇ ದಿನ ಮುಂಚೆ ಬರುತ್ತದೆ. ಮೈಕಿನ ಮುಂದೆ ಯಾರ ಮಾತು ತಡೆದರೂ, ಅವರಾಗಿ ನೆರವು ಕೇಳದ ಹೊರತು, ಮತ್ತೊಬ್ಬರು ಆ ಮಾತನ್ನು ಮುಗಿಸಬಾರದೆಂಬ ನಿಯಮವನ್ನು ಆ ದಿನ ಗೊತ್ತುಮಾಡಿ ನವೆಂಬರಿನಲ್ಲಿ ಪಾಲಿಸಲಿ.

ಇವುಗಳಿಗೆ ಹಣ ಬೇಕಿಲ್ಲ. ಬೇಕಾದದ್ದು ಸಭೆಯ ಹೊತ್ತಿನಲ್ಲಿ ಇನ್ನು ಕೆಲವು ಕ್ಷಣ, ಹೆಚ್ಚೆಂದರೆ ಕೆಲವು ನಿಮಿಷ. ಮುಖ್ಯ ಅತಿಥಿಗಳು ತಡವಾಗಿ ಬಂದಾಗ ಒಂದು ಗಂಟೆ ಕಾಯುವ ನಮಗೆ, ಕನ್ನಡದ ಒಂದು ವಾಕ್ಯ ತಡವಾಗಿ ಬಂದಾಗ ಅರ್ಧ ನಿಮಿಷ ಕಾಯುವುದು ಅಷ್ಟು ಕಷ್ಟವೇ?